ನಾಲ್ಕು ಕ್ಲ್ಯಾಂಪು

ಟೋಟಲ್ ಲಾಸ್ ಎಂದು ಬರೆದುಕೊಂಡ ಸರ್ವೇಯರು
ನನ್ನ ಕಡೆ ತಿರುಗಿ, ನೀವು? ಎಂದ.
ರಿಪೇರಿಯಾಗುತ್ತಿದ್ದೇನೆ ಎಂದೆ.

ಒಂಬತ್ತು ವರ್ಷದ ಗಾಡಿ. ಕಂಪನಿ ಮಾಡಿದ್ದು ಅರ್ಧ,
ಉಳಿದರ್ಧ ಆಟೋ ಕಾಂಪ್ಲೆಕ್ಸಿನ ಇಲಿಯಾಸ್:
ಸಾರಜನಕದ ಕ್ಯಾನು ಕೂರಲು
ಚಾಸಿಗೇ ಬೆಸೆದ ಕಬ್ಬಿಣದ ತೊಟ್ಟಿಲು,
ಮಂಜಿಗೊಂದು ಹಳದಿ ದೀಪ,
ಯಾವುದೋ ಲಾರಿಯಿಂದ ಇಳಿದ ಹಾರನ್ನು,
ಕೆಸರಲ್ಲಿ ಹೂತುಹೋಗದಂತೆ
ಸ್ಟ್ಯಾಂಡಿನ ಪಾದಕ್ಕೆ ತಗಡಿನ ಚಪ್ಪಲಿ.

ಚೋರಡಿ ಸೇತುವೆ ದಾಟಿದ ತಿರುವಿನಲ್ಲಿ
ಅಷ್ಟೂ ಒಟ್ಟಿಗೇ ಆಕಾಶ ನೋಡಿದವು.
ಅಡ್ಡ ಬಂದವಳು ಗುತ್ಯಮ್ಮನ ಕೌಲಿ,
ಮೂರು ವರ್ಷದ ಹಿಂದೆ ನಾನೇ
ಕಡ್ಡಿ ಏರಿಸಿ ಹುಟ್ಟಿಸಿದ ಮಗಳು.
ಹಾರನ್ನು ಹೊಡೆದೆ.
ಕರುವಾಗಿದ್ದಾಗಿನಿಂದ ಕೇಳಿದ ಹಾರನ್ನು,
ಡಾಕ್ಟ್ರು ಬಂದ್ರು ಅಂದುಕೊಂಡು
ನಡುರಸ್ತೆಯಲ್ಲೇ ನಿಂತಳು.

ಕ್ಯಾನು ಉರುಳಿ ಬಿಳಿ ಹೊಗೆ.
ಬೆಂಕಿ ಬೆಂಕಿ ಎಂದು ಬಸ್ಸಿಳಿದವರು ದೂರ ನಿಂತರು.
ಬೆಂಕಿಯಲ್ಲ ಮಾರಾಯರೇ, ಚಳಿ,
ಸೊನ್ನೆಗಿಂತ ನೂರ ತೊಂಬತ್ತಾರು ಕೆಳಗಿನ ಚಳಿ
ಎಂದು ಮಲಗಿಕೊಂಡೇ ಕೂಗಿದೆ.
ವಿಜ್ಞಾನ ಯಾರಿಗೂ ಕೇಳಿಸಲಿಲ್ಲ.
ಎಪ್ಪತ್ತೆರಡು ಕಡ್ಡಿಗಳೊಳಗೆ
ಇನ್ನೂ ಹುಟ್ಟದಿದ್ದ ಕರುಗಳು
ಡಾಂಬರಿನ ಬಿಸಿಗೆ ಕರಗಿಹೋದವು.
ಕೌಲಿ ಒಮ್ಮೆ ಮೂಸಿ,
ತಿನ್ನುವಂಥದ್ದಲ್ಲವೆಂದು ಹೊರಟುಹೋದಳು.

ಈಗ ಷೋರೂಮು. ನೆಲ ಎಷ್ಟು ನುಣುಪೆಂದರೆ
ಊರುಗೋಲು ಜಾರುತ್ತದೆ.
ಐದು ವರ್ಷ ವಾರಂಟಿ ಸರ್, ಎಂದು
ಟೈ ಕಟ್ಟಿದ ಹುಡುಗ ಪ್ರಣೀತ ಪುಸ್ತಕ ಕೊಟ್ಟ,
ಹೆಣ್ಣಿನ ಕಡೆಯವರು ಜಾತಕ ಕೊಡುವ ಹಾಗೆ, ಎರಡೂ ಕೈಯಲ್ಲಿ.
ಒಳಗೆ ಸಣ್ಣಕ್ಷರ:
ವೈರು ಕತ್ತರಿಸಿದರೆ ಇಲ್ಲ.
ಚಾಸಿಗೆ ವೆಲ್ಡಿಂಗ್ ತಾಗಿದರೆ ಇಲ್ಲ.
ಕಂಪನಿಯದ್ದಲ್ಲದ ದೀಪ ಹಾಕಿದರೆ ಇಲ್ಲ.
ಮತ್ತೆ ಕ್ಯಾನು ಎಲ್ಲಿಡಲಿ ಎಂದೆ.
ಬೆನ್ನಿಗೆ ಬ್ಯಾಗ್ ಹಾಕ್ಕೊಳ್ಳಿ ಸರ್.
ಪಾಪ, ಎಮ್ಮೆ ಒದೆಯುವುದನ್ನು ಕಂಡವನಲ್ಲ.

ಇಲಿಯಾಸ್ ಕನ್ನಡಕ ಹಣೆಗೇರಿಸಿ
ಪುಸ್ತಕ ಪೂರ್ತಿ ಓದಿದ. ಇಷ್ಟು ವರ್ಷದಲ್ಲಿ
ಅವನು ಏನನ್ನಾದರೂ ಓದಿದ್ದು ನಾನು ಕಂಡಿರಲಿಲ್ಲ.
ಕ್ಲ್ಯಾಂಪ್ ಬಗ್ಗೆ ಏನೂ ಬರೆದಿಲ್ಲ, ಎಂದ.
ನಾಲ್ಕು ಯು ಕ್ಲ್ಯಾಂಪು, ಕೆಳಗೆ ಹಳೇ ಟ್ಯೂಬಿನ ರಬ್ಬರು,
ಬಣ್ಣಕ್ಕೂ ಗೀರು ಬೀಳಲ್ಲ.
ಸರ್ವೀಸಿಗೆ ಹೋಗೋ ಮುಂಚೆ ಬಾ,
ಹತ್ತು ನಿಮಿಷ, ಬಿಚ್ಚಿಕೊಡ್ತೀನಿ.
ದೀಪ?
ಬೇಡ. ಮಂಜಿದ್ದರೆ ಮಲ್ಕೊ.
ಹಾರನ್ನು?
ಅವನು ನನ್ನ ಕಾಲು ನೋಡಿದ. ನಾನೂ ನೋಡಿದೆ.

ರಾತ್ರಿ ಲೆಕ್ಕ ಬರೆಯುತ್ತ ಕೂತೆ.
ಇಂಜಿನ್ ಹೋದರೆ ಹದಿನೆಂಟು ಸಾವಿರ,
ವೈರಿಂಗ್ ಹೋದರೆ ಆರು,
ಕ್ಯಾನು ಮತ್ತೆ ಬಿದ್ದರೆ...
ಬರೆಯುತ್ತ ಬರೆಯುತ್ತ ಬೇರೊಂದು ಲೆಕ್ಕ ನುಗ್ಗಿತು.
ಇಪ್ಪತ್ತಮೂರು ವರ್ಷದಿಂದ
ಕುಂಸಿಯಿಂದ ಆನಂದಪುರದವರೆಗೆ ನಾನೇ ತಾನೇ
ಸೊಂಟದೆತ್ತರದ ಮಲೆನಾಡು ಗಿಡ್ಡಗಳಿಗೆ
ಜರ್ಸಿ ಜೋಡಿಸಿದವನು?
ಮೂಲ ಕಂಪನಿಯನ್ನು ಕೇಳಲಿಲ್ಲ.
ಹಾಲು ಹೆಚ್ಚಿತು, ನಿಜ.
ಗುಡ್ಡ ಹತ್ತುವ ಗೊರಸು ಮೆತ್ತಗಾಯಿತು,
ಬಿಸಿಲಿಗೆ ನಾಲಿಗೆ ಹೊರಬಿತ್ತು,
ಬಸ್‌ಸ್ಟ್ಯಾಂಡಿನ ಔಷಧಿ ಅಂಗಡಿಗೆ ಮಹಡಿ ಎದ್ದಿತು.
ಹೆಣ್ಣುಗರು ಗ್ಯಾರಂಟಿಯಾ ಡಾಕ್ಟ್ರೇ,
ಗುತ್ಯಮ್ಮ ಅವತ್ತು ಕೇಳಿದ್ದಳು.
ನಾನು ಡಾಕ್ಟರಲ್ಲ, ಅದನ್ನೂ ಹೇಳಿರಲಿಲ್ಲ.
ನಕ್ಕು, ಸೋಪು ಇಸಕೊಂಡು,
ಕೈ ತೊಳೆದುಕೊಂಡಿದ್ದೆ.

ಸೋಮವಾರ ಹೊಸ ಗಾಡಿ, ಬಿಗಿದ ಕ್ಲ್ಯಾಂಪು,
ಸೀಟಿನಡಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಪುಸ್ತಕ.
ಸ್ಟ್ಯಾಂಡಿಗೆ ಈಗ ಚಪ್ಪಲಿಯಿಲ್ಲ,
ಅಂಗಳ ಹೂತೀತೆಂದು
ಗುತ್ಯಮ್ಮ ಅರ್ಧ ಇಟ್ಟಿಗೆ ತಂದಿಟ್ಟಳು.
ಕೌಲಿ ಬೆದೆಗೆ ಬಂದು ಎರಡನೇ ದಿನ.
ಯಾವುದು ಹಾಕಲಿ ಎಂದೆ.
ಇಷ್ಟು ವರ್ಷಕ್ಕೆ ಮೊದಲ ಸಲ ಕೇಳಿದ್ದು;
ಅವಳು ನನ್ನನ್ನು ಜ್ವರ ಬಂದವನ ಹಾಗೆ ನೋಡಿ,
ಗುಡ್ಡ ಹತ್ತುವಂಥದ್ದು ಉಂಟಾ? ಎಂದಳು.

ಕ್ಯಾನಿನ ಮುಚ್ಚಳ ತೆಗೆದು ಹೊಗೆಯೊಳಗೆ ಹುಡುಕುತ್ತಿದ್ದೆ,
ಗಿಡ್ಡದ್ದು ಒಂದೋ ಎರಡೋ
ತಳದಲ್ಲಿರಬೇಕು.
ಬೆನ್ನ ಹಿಂದೆ, ಹೊಸ ಟ್ಯಾಂಕಿಗೆ
ಕೌಲಿ ನಿಧಾನವಾಗಿ
ಕೊಂಬು ಉಜ್ಜುವ ಸದ್ದು.