ಕೆಂಪು ಕೆಂಪಾಗಿಯೇ ಉಳಿದರೆ

ಶೆಫೀಲ್ಡಿನ ಮಾರ್ಚ್, ಮಂಗಳವಾರ.
ಡಾನ್ ನದಿಗೆ ಆರಿದ ಚಹಾದ ಬಣ್ಣ.
ನೆಲಮಾಳಿಗೆಯ ಲ್ಯಾಬಿನಲ್ಲಿ ಇಂಗಾಲದ ಬಟ್ಟೆ ಕತ್ತರಿಸುತ್ತೇನೆ,
ಬೆರಳಗಲ, ಗೇಣಿಗೆ ತುಸು ಕಡಿಮೆ.
ಐದು ಲವಣದ ನೀರಿನಲ್ಲಿ ಅದ್ದಿ ಒಣಗಿಸಿ
ತಾಮ್ರದ ಎರಡು ದವಡೆಗಳ ನಡುವೆ ಕಚ್ಚಿಸುತ್ತೇನೆ.

ಕೋಬಾಲ್ಟು, ಕಬ್ಬಿಣ, ನಿಕ್ಕೆಲ್ಲು, ತಾಮ್ರ, ಮಾಲಿಬ್ಡಿನಮ್ಮು.
ಫೋನಿನಲ್ಲಿ ಹೇಳಿದರೆ ಕಾಕಾ ನಕ್ಕ:
"ಇದೆಂಥಾ ಪಂಚಲೋಹ? ಬಂಗಾರಿಲ್ಲ, ಬೆಳ್ಳಿಲ್ಲ.
ಯಾವ ದೇವರು ಬಂದು ಕುಂದ್ರತೈತಿ ಇದರಾಗ?"

ದೇವರಲ್ಲ ಕಾಕಾ, ಅಮೋನಿಯಾ.
ಒಂದು ಗಳಿಗೆ ಕೂತು, ಗಂಟು ಬಿಚ್ಚಿಕೊಂಡು
ಹೈಡ್ರೋಜನ್ ಒಂದು ದಾರಿ, ನೈಟ್ರೋಜನ್ ಒಂದು ದಾರಿ.
ಪೀಠ ಮಾತ್ರ ಇದ್ದಹಾಗೇ ಇರಬೇಕು.
ಇರುವುದಿಲ್ಲ. ಅದು ಆಮೇಲಿನ ಮಾತು.

ಹೈಡ್ರೋಜನ್ ಹಠಮಾರಿ, ಹಡಗಿನಲ್ಲಿ ತುಂಬಿ ತರುವುದು ಕಷ್ಟ.
ಅಮೋನಿಯಾ ಮಾಡಿ ಬುತ್ತಿ ಕಟ್ಟಿ ತರಬಹುದು,
ಹಂಬರ್ ದಡದ ಬಂದರಿನಲ್ಲಿ ಬಿಚ್ಚಬಹುದು,
ಈ ಊರಿನ ಕುಲುಮೆಗಳಿಗೆ ಹೊಗೆಯಿಲ್ಲದ ಬೆಂಕಿ ಬಡಿಸಬಹುದು.
ಬಹುದು, ಬಹುದು. ನನ್ನ ಅನುದಾನದ ಅರ್ಜಿಯ ತುಂಬ ಇದೇ ಕ್ರಿಯಾಪದ.

ತೊಡಕೆಂದರೆ, ಈ ಐವರಿಗೆ ಒಬ್ಬರ ಮುಖ ಒಬ್ಬರಿಗೆ ಆಗದು.
ಮೆಲ್ಲಗೆ ಕಾಸಿ ಮೆಲ್ಲಗೆ ಆರಿಸಿದರೆ
ತಾಮ್ರ ತನ್ನ ಮೂಲೆ ಹಿಡಿಯುತ್ತದೆ,
ಕೋಬಾಲ್ಟು ಮಾಲಿಬ್ಡಿನಮ್ಮು ಮುನಿದ ಬೀಗರಂತೆ
ಒಂದೇ ಪಂಕ್ತಿಯಲ್ಲಿ ಕೂರಲು ಒಲ್ಲವು.
ಹದಿನಾಲ್ಕು ತಿಂಗಳು ಮೆಲ್ಲಗೆ ಕಾಸಿದೆ ನಾನು.

ಈಗ ಹಾಗಲ್ಲ. ಗುಂಡಿ ಒತ್ತಿದರೆ
ರೆಪ್ಪೆ ಮುಚ್ಚುವಷ್ಟರಲ್ಲಿ ಸಾವಿರದೇಳುನೂರು ಡಿಗ್ರಿ,
ತೆರೆಯುವಷ್ಟರಲ್ಲಿ ಕಪ್ಪು.
ಜಗಳಕ್ಕೂ ಸಮಯ ಬೇಕು,
ಅದನ್ನು ಕೊಡಬಾರದು, ಅಷ್ಟೇ.

ಕೀತ್ ಅಕ್ರಾಯ್ಡ್ ಬೆಸುಗೆಯ ಕನ್ನಡಕ ಹಾಕಿ ಗುಂಡಿ ಒತ್ತುವವನು.
ಉಕ್ಕಿನ ಕಾರ್ಖಾನೆಯ ಆಸಿಡ್ ತೊಟ್ಟಿಯ ಪಕ್ಕ
ಇಪ್ಪತ್ತೆರಡು ವರ್ಷ ನಿಂತು ಮೂಗು ಸತ್ತಿದೆ.
ಅವನಜ್ಜಿ ಚಮಚಗಳಿಗೆ ಹೊಳಪು ಕೊಡುತ್ತಿದ್ದಳಂತೆ,
ತಲೆಗೆ ಕೆಂಪು ವಸ್ತ್ರ, ಎದೆಗೆ ಹಳೆ ಪೇಪರು ಸುತ್ತಿ;
ಸಂಜೆ ಬಿಚ್ಚಿದರೆ ಅಂಗಿಯ ಮೇಲೆ
ನಿನ್ನೆಯ ಸುದ್ದಿ, ಕನ್ನಡಿಯ ಅಕ್ಷರದಲ್ಲಿ.

ನನಗೆ ಮೂಗಿದೆ. ಅದಕ್ಕೆ ನೆನಪೂ ಇದೆ:
ಹುಬ್ಬಳ್ಳಿ, ಬೋಗಾರ ಓಣಿ, ಕಲಾಯಿ ದಾದಾಪೀರ.
ತಿದಿಯೂದಿ ಕೆಂಡವೆಬ್ಬಿಸಿ
ಕಾದ ಹಿತ್ತಾಳೆಗೆ ನವಸಾಗರ ಚಿಮುಕಿಸಿದರೆ ಬುಸ್ಸನೆ ಬಿಳಿ ಹೊಗೆ,
ಮೂಗಿನ ಬೇರಿಗೆ ದಬ್ಬಣ, ಕಣ್ಣಿಗೆ ನೀರು;
ಹತ್ತಿಯುಂಡೆಯ ಒಂದೇ ಸುತ್ತಿಗೆ
ಕೊಪ್ಪರಿಗೆಯ ಹೊಟ್ಟೆಯೊಳಗೆ ಬೆಳ್ದಿಂಗಳಂತೆ ಓಡುವ ತವರ.
ಅಂಗಡಿಯಿಂದ ಓಡಿ ಬಂದು ನಿಲ್ಲುತ್ತಿದ್ದೆ ಆ ಹೊಗೆಗಾಗಿಯೇ.
ಈಗ ಆ ವಾಸನೆಯನ್ನೇ ಸೀಳುವುದು ನನ್ನ ಕೆಲಸ.

ಮೂರೂ ನಲವತ್ತಕ್ಕೆ ಅನಿಲ ಬಿಟ್ಟೆವು.
ಕೊಳವೆಯ ಬಾಯಿಗೆ ಒದ್ದೆ ಲಿಟ್ಮಸ್, ಕೆಂಪು.
ನೀಲಿಯಾದರೆ ಸೋತೆವು.
"ನನ್ನ ಮೂಗಿಲ್ಲ, ನಿನ್ನದನ್ನು ನಂಬಲ್ಲ," ಅಂದ ಕೀತ್, "ಕಾಗದ ಹೇಳಲಿ."
ನಾಲ್ಕು. ಆರು. ಒಂಬತ್ತು.
ಚಿಪ್ಸ್ ತಣ್ಣಗಾದವು. ಕೆಂಪು ಕೆಂಪಾಗಿಯೇ ಇತ್ತು.
ನಡುರಾತ್ರಿ ದಾಟಿತು. ಕೆಂಪೇ.

ಮೂರು ಗಂಟೆಗೆ ಪಟ್ಟಿಯ ಅಂಚಿನಲ್ಲಿ
ಸಣ್ಣದೊಂದು ನೇರಳೆ ಗೆರೆ.

ಬೆಳಿಗ್ಗೆ ಸೂಕ್ಷ್ಮದರ್ಶಕದಲ್ಲಿ ನೋಡಿದೆ:
ಐವರೂ ಕೂಡಿಯೇ ಇದ್ದರು, ಅದು ನಿಜ.
ಆದರೆ ಕಣಗಳು ತೆವಳಿದ್ದವು;
ಚಿಕ್ಕವು ಕರಗಿ ದೊಡ್ಡವಕ್ಕೆ ಸೇರಿದ್ದವು.
ವಿಜ್ಞಾನದಲ್ಲಿ ಇದಕ್ಕೊಂದು ಹೆಸರಿದೆ,
ಕಾಕಾ ಆಗಿದ್ದರೆ ವ್ಯಾಪಾರ ಅನ್ನುತ್ತಿದ್ದ.

ಕೀತ್ ಆ ಪಟ್ಟಿಯನ್ನು ದಿನಚರಿಗೆ ಅಂಟಿಸಿ ವೇಳೆ ಬರೆದ.
"ಹನ್ನೊಂದು ಗಂಟೆ ಇಪ್ಪತ್ತು ನಿಮಿಷ.
ನಮ್ಮಜ್ಜಿಯ ಪಾಳಿಗಿಂತ ಉದ್ದ."
ಆಮೇಲೆ, ಕೊಳವೆಯ ಕಡೆ ಗದ್ದ ತೋರಿಸಿ,
"ಹೇಗಿರುತ್ತೆ ಅದರ ವಾಸನೆ?"

ಏನಂತ ಹೇಳುವುದು.
"ಹೊಸದಾದ ಹಳೆ ಪಾತ್ರೆಯ ಹಾಗೆ," ಅಂದೆ.
ತಿಳಿದವನಂತೆ ತಲೆಯಾಡಿಸಿ
ಇನ್ನೊಂದು ಪಟ್ಟಿ ಒದ್ದೆ ಮಾಡಿದ.