ಎಡಗಡೆಯಿಂದ

ಆ ವರ್ಷದ ಚಳಿಗಾಲವೆಲ್ಲ ನಾನು
ಭೂಮಿಯ ಅಡಿಯಲ್ಲಿದ್ದೆ,
ಜನರೇಟರಿನ ಹೊಟ್ಟೆಗೆ ಕಿವಿಯಿಟ್ಟು.
ಅದು ಕೆಮ್ಮಿದರೆ ಇಪ್ಪತ್ತೈದು ಮಂದಿಗೆ ನಿದ್ದೆಯಿಲ್ಲ.
ಪಾಂಡವಪುರದ ಪಂಪ್‌ಸೆಟ್ಟು ಬಿಚ್ಚಿದ ಕೈಗೆ
ಅಲ್ಲಿ ಮೂರು ಜೊತೆ ಗ್ಲೌಸು;
ಕಳಚಿ ಸ್ಪ್ಯಾನರು ಮುಟ್ಟಿದರೆ
ಚರ್ಮ ಕಬ್ಬಿಣದ ಪಾಲು.

ಸೂರ್ಯ ರಜೆ ಹಾಕಿ ಹೋಗಿ ವಾರಗಳಾಗಿದ್ದವು.
ಹುಣ್ಣಿಮೆಯ ಹಿಂದುಮುಂದಿನ ನಾಲ್ಕಾರು ದಿನ
ಚಂದ್ರ ಮುಳುಗುವುದನ್ನೇ ಮರೆತು
ಗಾಣದೆತ್ತಿನ ಹಾಗೆ ನಮ್ಮನ್ನು ಸುತ್ತುತ್ತಿದ್ದ,
ಹಗಲೂ ರಾತ್ರಿಯೂ.
(ಹಗಲು ಗಡಿಯಾರದಲ್ಲಿತ್ತು, ಅಷ್ಟೆ.)
ಅವನೊಳಗಿನ ಮೊಲ ತಲೆಕೆಳಗು.
ಅದನ್ನು ನೆಟ್ಟಗೆ ನೋಡಲೆಂದು
ಒಮ್ಮೆ ಬಗ್ಗಿ, ಕಾಲ ಸಂದಿಯಿಂದ ಇಣುಕಿದೆ;
ಅಡುಗೆಯ ಕುರಿಯನ್ ಫೋಟೊ ಹಿಡಿದ.

ಗ್ರಹಣದ ಹೊತ್ತಿಗೆ, ಇಲ್ಲಿ, ಚಿನಕುರಳಿಯಲ್ಲಿ
ಮಾದೇವಿಗೆ ಏಳು ತಿಂಗಳು.
ನಮ್ಮವ್ವ ನಿಂಗಾಜಮ್ಮ ಸಂಜೆಗೇ
ಕೊಡಕ್ಕೆ, ಮೊಸರಿಗೆ, ಉಪ್ಪಿನಕಾಯಿ ಜಾಡಿಗೆ ಗರಿಕೆ ಹಾಕಿ,
ತಾಂಬಾಳದ ನೀರಲ್ಲಿ ಒನಕೆ ನಿಲ್ಲಿಸಿ,
ಕಿಟಕಿಗೆ ಗೋಣಿತಾಟು ಬಡಿದು
ಸೊಸೆಯನ್ನು ಒಳಕೋಣೆಯಲ್ಲಿ ಕೂರಿಸಿದ್ದಳು.
"ಕುಡ್ಲು ಮುಟ್ಟಬ್ಯಾಡ, ಮೈ ಕೆರಕೋಬ್ಯಾಡ,
ಕಣ್ಣ ಮ್ಯಾಕೆತ್ತಬ್ಯಾಡ."

ನನ್ನ ಪಾಲಿನ ನಿಮಿಷಗಳನ್ನೆಲ್ಲ ಕೂಡಿಟ್ಟು
ಸ್ಯಾಟಲೈಟ್ ಫೋನು ಹಚ್ಚಿದೆ.
ಅಲ್ಲಿ ಊಟದ ಹೊತ್ತು, ಇಲ್ಲಿ ಸರಿರಾತ್ರಿ.
"ಏನಾಯ್ತಾದೆ, ಹೇಳಿ" ಅಂದಳು,
"ನಾನಂತೂ ನೋಡಂಗಿಲ್ವಲ್ಲ."

ಮೈನಸ್ ಮೂವತ್ತೆಂಟು.
ಅರ್ಧ ಮಾತು ಮೀಸೆಯ ಮೇಲೇ ಹೆಪ್ಪುಗಟ್ಟಿ
ಉಳಿದರ್ಧ ಆಕಾಶ ಹತ್ತಿ, ಉಪಗ್ರಹಕ್ಕೆ ತಾಗಿ,
ಒಳಕೋಣೆಗೆ ಇಳಿದು
ಅವಳ "ಹೂಂ" ಆಗಿ ತಿರುಗಿ ಬರುವ ನಡುವೆ
ಒಂದು ಉಸಿರಿನಷ್ಟು ಬಾವಿ.

"ಬಲಗಡೆ ಅಂಚು ಮಾಸ್ತು," ಅಂದೆ,
"ಅಲ್ಲಿಂದ ಯಾರೋ ರೊಟ್ಟಿ ಮುರಿದಂಗೆ."
ಬಾವಿ.
"ಬಲಗಡೆ ಅಲ್ಲ, ಎಡಗಡೆ."
"ಇಲ್ಲ ಕಣೆ, ನೋಡ್ತಾ ನಿಂತಿವ್ನಿ, ಬಲಗಡೆ."
ಬಾವಿ. ಈ ಸಲ ಎರಡು ಉಸಿರು.
"ಸರಿ ಬುಡಿ. ನಿಮ್ಮ ಚಂದ್ರ ನಿಮ್ದು."

ಆಮೇಲೆ ಪೂರ್ತಿ ಹಿಡಿಯಿತು.
ಹಿಮದ ಮೇಲಿನ ನಮ್ಮ ನೆರಳುಗಳು
ಹೇಳದೆ ಕೇಳದೆ ಹೋದವು.
ನಕ್ಷತ್ರಗಳು ಶಾಲೆ ಬಿಟ್ಟಂತೆ ಹೊರಬಿದ್ದವು.
"ಬಣ್ಣ?" ಅಂದಳು.
"ಆಲೆಮನೆ ಕೊಪ್ಪರಿಗೇಲಿ ಪಾಕ ಏರ್ತದಲ್ಲ,
ಅಚ್ಚಿಗೆ ಉಯ್ಯೋಕ್ ಮುಂಚೆ, ಅಂಥದ್ದು."
"ಹೌದು" ಅಂದಳು.
"ಹೌದಾ" ಅಲ್ಲ.
ಲೈನು ಕಡಿಯಿತು.

ಊರಿಗೆ ಬಂದೆ. ಮಗಳ ಬಾಯಲ್ಲಿ ಆಗಲೇ ಎರಡು ಹಲ್ಲು.
ಒಂದು ದಿನ ನಾಲೆ ಏರಿಯ ಮೇಲೆ
ಯಾರದೋ ಮೋಟರಿಗೆ ಗ್ಯಾಸ್ಕೆಟ್ ಕೂರಿಸುತ್ತಿದ್ದೆ.
ಮೂರನೆಯ ಬೋಲ್ಟಿಗೆ ಕೈ ನಿಂತುಹೋಯಿತು:
ಗೋಣಿತಾಟಿನ ಒಳಗಿದ್ದವಳಿಗೆ
ಎಡಗಡೆಯೆಂದು ಹೇಗೆ ಗೊತ್ತು?

ಕೇಳಲಿಲ್ಲ.
ಮನೆಗೆ ಹೋಗಿ ಕಿಟಕಿಯ ಚೌಕಟ್ಟು ನೋಡಿದೆ.
ಮೊಳೆಗಳ ತೂತು ನಾಲ್ಕಿದ್ದವು.
ಒಂದು ಮಾತ್ರ ಸ್ವಲ್ಪ ದೊಡ್ಡದು.

ಇವತ್ತು ಮತ್ತೆ ಗ್ರಹಣ. ತೊಣ್ಣೂರು ಕೆರೆಯ ಏರಿ.
ಮಗಳಿಗೆ ಒಂಬತ್ತು; ಬೈನಾಕ್ಯುಲರು ನನಗೆ ಕೊಡುವುದಿಲ್ಲ.
"ಅಪ್ಪಾ, ಯಾವ ಕಡೆಯಿಂದ ಶುರು?"
ನಾನು ಬಾಯಿ ತೆರೆಯುವಷ್ಟರಲ್ಲಿ
"ಎಡಗಡೆಯಿಂದ" ಅಂದಳು ಮಾದೇವಿ,
ಸೀಬೆಹಣ್ಣು ಕುಯ್ಯುತ್ತಿದ್ದ ಚಾಕು ನಿಲ್ಲಿಸದೆ.
"ಅವತ್ತೂ."

ಅವ್ವ ಸೆರಗು ಹೊದ್ದು ಅತ್ತ ತಿರುಗಿ ಕೂತಿದ್ದಾಳೆ.
ಮೇಲೆ ನೋಡುವುದಿಲ್ಲವಂತೆ.
"ನೀರಲ್ಲಿ ನೋಡುದ್ರೆ ದೋಸ ಇಲ್ಲ" ಎನ್ನುತ್ತ
ಕೆರೆಯನ್ನೇ ನೋಡುತ್ತಿದ್ದಾಳೆ.
ನಾನೂ ಬಗ್ಗಿ ನೋಡಿದೆ.
ಅಲ್ಲಿ ಮೊಲ ತಲೆಕೆಳಗು, ನನ್ನದೇ;
ಕಚ್ಚಿದ ಗುರುತು ಮಾತ್ರ
ಎಡಗಡೆಗೆ.