ಟೇಪು ಮುಗಿದ ಮೇಲಿನ ಎರಡು ಇಂಚು

ಬಂಬೂ ಬಜಾರಿನಲ್ಲಿ ಏಣಿಗಳು ಗೋಡೆಗೊರಗಿ ನಿಂತಿದ್ದವು,
ಇನ್ನೂ ಯಾವ ಅಟ್ಟಕ್ಕೂ ಸೇರದ ಏಣಿಗಳು.
ಅವುಗಳ ಹಿಂದೆ, ಓಣಿಯಂಥ ಕೋಣೆಯಲ್ಲಿ
ಅರುಳಪ್ಪ ಬಿಲ್ಲು ಮಾಡುತ್ತಾನೆಂದು
ಗುಂಡಿ, ಲೇಸು ಮಾರುವ ಮುಬೀನಾ ಹೇಳಿದ್ದಳು.

"ಶೋಕೇಸಿಗಾ, ಹೊಡೆಯೋಕಾ?" ಅಂದ.
ಹೊಡೆಯೋಕೆ.
ಯಾಕೆಂದು ಅವನು ಕೇಳಲಿಲ್ಲ,
ಕೇಳಿದ್ದರೆ ನನ್ನ ಹತ್ತಿರ ಉತ್ತರವೂ ಇರಲಿಲ್ಲ.
ಯೂನಿಫಾರ್ಮಿನ ಗಂಟು ಹೊತ್ತು ಒಂದು ಶಾಲೆಗೆ ಹೋದ ದಿನ
ಮೈದಾನದ ಮೂಲೆಯಲ್ಲಿ ಯಾರೋ ಒಬ್ಬಳು
ಬಾಣ ಹೋದ ಮೇಲೂ ಕೈ ಇಳಿಸದೆ ನಿಂತಿದ್ದಳು.
ಅಷ್ಟೇ.

ಮೊದಲು ಕಣ್ಣಿಗೆ ಬಿದ್ದದ್ದು ನಲವತ್ತೈದು ಪೌಂಡಿನದು.
ಎರಡು ಬಣ್ಣದ ಮರ, ತೊಗಲಿನ ಹಿಡಿ, ತುದಿಗೆ ಕೊಂಬಿನ ಮೊನೆ.
ಹದಿನಾಲ್ಕು ಸಾವಿರ.
ಮನಸ್ಸಿನಲ್ಲೇ ಅದನ್ನು ಬ್ಲೌಸುಗಳಾಗಿ ಕತ್ತರಿಸಿದೆ:
ಲೈನಿಂಗಿನವು ನಲವತ್ತು.
"ಎಳೀರಿ. ಎಳೆದು ಹತ್ತು ಎಣಿಸಿ."
ನಾಲ್ಕಕ್ಕೆ ಮೊಣಕೈ ನಡುಗಿತು,
ಐದಕ್ಕೆ ಹಲ್ಲು ಕಚ್ಚಿದೆ,
ಆರು ಬರಲಿಲ್ಲ.
"ನೀವು ಬಿಲ್ಲು ಎಳೀತಿಲ್ಲಮ್ಮ, ಅದು ನಿಮ್ಮನ್ನ ಎಳೀತಿದೆ.
ಬಿಟ್ಟುಬಿಡಬೇಡಿ! ನಿಧಾನಕ್ಕೆ ವಾಪಸ್ ತನ್ನಿ,
ಬಾಣ ಇಲ್ಲದೆ ದಾರ ಬಿಟ್ಟರೆ ಮರ ಸೀಳುತ್ತೆ."
ದಾರ ಅನ್ನುತ್ತಾನೆ ಅವನೂ, ನನ್ನ ಹಾಗೆ.

ಆಮೇಲೆ ಟೇಪು ತಂದ.
ಇಪ್ಪತ್ತಾರು ವರ್ಷ ಶ್ರೀರಾಮಪುರದ ತೋಳುಗಳನ್ನೆಲ್ಲ ಬರೆದುಕೊಂಡವಳು
ಏಣಿಗಳಿಗೆ ಬೆನ್ನು ಕೊಟ್ಟು
ಎರಡೂ ಕೈ ಚಾಚಿ ನಿಂತೆ.
ಅರವತ್ತಕ್ಕೆ ಟೇಪು ಮುಗಿಯಿತು.
ನಾನು ಇನ್ನೂ ಎರಡು ಇಂಚು ಉಳಿದಿದ್ದೆ.
"ಎರಡೂವರೆಯಿಂದ ಭಾಗಿಸಿದರೆ..." ಎಂದು ಪೆನ್ಸಿಲ್ ಹುಡುಕಿದ.
ಇಪ್ಪತ್ತೈದು, ಹತ್ತಿರ ಹತ್ತಿರ, ಅಂದೆ ನಾನೇ.

ಒಳಗಿನಿಂದ ತಂದದ್ದು ಸಾದಾ ಬಿಲ್ಲು, ನನಗಿಂತ ನಾಲ್ಕಿಂಚು ಎತ್ತರ.
ಬೆನ್ನಿಗೆ ಬಿದಿರ ಸೀಳು,
ಹೊಟ್ಟೆಗೆ ಯಾರ ಮನೆಯದೋ ಕಿಟಕಿ ಚೌಕಟ್ಟಿನ ಮರ,
ಹಿಡಿಗೆ ಸೆಣಬಿನ ಹುರಿ.
ಬಾಣ ಕೂರಲು ಅಂಚಿಲ್ಲ, ಬೆರಳ ಗೆಣ್ಣೇ ಅಂಚು.
"ಮೊದಲ ವಾರ ಗರಿ ಕೈ ಕೊರೆಯುತ್ತೆ."
ಸೂಜಿ ಹೊಕ್ಕು ಹೊರಟ ಬೆರಳು ತೋರಿಸಿದೆ. ನಕ್ಕ.
ಮೂವತ್ತು ಎಂದು ಪೆನ್ಸಿಲಿನಲ್ಲಿ ಬರೆದಿತ್ತು.
"ಅದು ಇಪ್ಪತ್ತೆಂಟು ಇಂಚು ಎಳೆಯೋರಿಗೆ.
ನಿಮ್ಮ ತೋಳಿಗೆ ಇಪ್ಪತ್ನಾಲ್ಕು ಬಂದರೆ ಹೆಚ್ಚು."
ಎಳೆದೆ. ಹತ್ತು ಎಣಿಸಿದೆ.
ಹನ್ನೊಂದನ್ನೂ ಎಣಿಸಿದೆ, ಅವನಿಗೆ ಕೇಳುವ ಹಾಗೆ.

ಮೇಲ್ಗಡೆ ಬಿದಿರಿನ ಗೆಣ್ಣೊಂದು ಬೊಕ್ಕೆಯಂತೆ ಎದ್ದಿತ್ತು.
ಉಜ್ಜಿ ನುಣ್ಣಗೆ ಮಾಡಬಾರದೇ?
"ಉಜ್ಜಿದರೆ ಅಲ್ಲೇ ಮುರಿಯೋದು."

ಐದು ಸಾವಿರದ ಇನ್ನೂರನ್ನು ಐದಕ್ಕಿಳಿಸಿದೆ.
ಚೀಟಿ ದುಡ್ಡು, ಫ್ರಿಜ್ಜಿಗೆಂದು ಎತ್ತಿದ್ದು.
ಬಾಣ ಅರ್ಧ ಡಜನ್ ಬೇಕೇ ಬೇಕು ಅಂದ.
ಮೂರು ಸಾಕು,
ಪೊದೆಯಲ್ಲಿ ಹುಡುಕಿ ತರುವವಳು ನಾನೇ ತಾನೆ?

ಬಸ್ಸಿನಲ್ಲಿ ನನಗೆ ಸೊನ್ನೆ ಟಿಕೆಟ್ಟು,
ಬಿಲ್ಲಿಗೆ ಲಗೇಜು ಹದಿನೈದು.
ಪಕ್ಕದವಳು ಹಳೇ ಬೆಡ್‌ಶೀಟಿನ ಸುತ್ತು ಮುಟ್ಟಿ,
"ಪರದೆ ಕೋಲಾ? ಎಷ್ಟು ಕೊಟ್ರಿ?"
ಐದು ಸಾವಿರ.
ಮೆಜೆಸ್ಟಿಕ್ ಬರುವವರೆಗೆ ಆಕೆ ಮತ್ತೆ ಮಾತಾಡಲಿಲ್ಲ.

ರಾತ್ರಿ ದಾರ ಬಿಚ್ಚಿ ಬಾಬಿನ್ ಡಬ್ಬಿಯಲ್ಲಿಟ್ಟೆ.
"ಕಟ್ಟೇ ಇಟ್ಟರೆ ಬಾಗಿದ್ದು ಬಾಗಿದ ಹಾಗೇ ಉಳಿಯುತ್ತೆ" ಅಂದಿದ್ದ,
ಬಿಲ್ಲು ನೋಡಿ ಅಂದನೋ, ನನ್ನ ಬೆನ್ನು ನೋಡಿಯೋ.
ಅಳತೆ ಪುಸ್ತಕ ತೆರೆದು
ಕನ್ನಡ ಟೀಚರಿಗೂ ಮೇಲ್ಮನೆಯ ಸೊಸೆಗೂ ನಡುವೆ
ಇಂದ್ರಾಣಿ ಎಂದು ಬರೆದೆ.
ಎಳೆತ, ಇಪ್ಪತ್ತೈದು.
ಕೊಡಬೇಕಾದ ತಾರೀಖಿನ ಜಾಗ ಖಾಲಿ ಬಿಟ್ಟೆ.

ಹುಕ್ಕು ಹಾಕುವುದು ಇನ್ನೂ ನಾಲ್ಕಿದೆ.